ಆರ್ವಿಲ್ ಬಿಟ್ಟುಹೋದ ಜೀನು

೧೨ ಅಕ್ಟೋಬರ್ ೧೯೩೮, ಬುಧವಾರ

ಮುದುಕ ಆರ್ವಿಲ್ ಹೊರಟುಹೋದ. ಕಳಿಸಿದವನು ನಾನೇ.

ಮೂರು ವಾರದಿಂದ ಆಳುಮನೆಯಲ್ಲಿ ಎಲ್ಲರಿಗೂ ಒಂದು ಹೆಸರಾಂತ ಕಾದಂಬರಿ ಓದಿ ಹೇಳುತ್ತಿದ್ದೆ. ದನ ಸಾಕುವ ರಾಂಚಿನಲ್ಲಿ ದುಡಿಯುವ ನಮ್ಮಂಥ ಆಳುಗಳದೇ ಕಥೆ. ನಿನ್ನೆಯ ಅಧ್ಯಾಯದಲ್ಲಿ ಯಜಮಾನ ಕುದುರೆಯ ಸವೆದ ಜೀನೊಂದನ್ನು ಕಸಕ್ಕೆ ಎಸೆಯುತ್ತಾನೆ.

"ಇದು ಬರೀ ಜೀನಲ್ಲ ಕಣ್ರೋ, ಸಂಕೇತ. ಮೈ ಸವೆದ ಆಳಿನ ಗತಿ ಇದೇ," ಎಂದೆ.

ಜೊತೆಯ ಆಳು ಡೆಲ್ಮರ್ ನಕ್ಕ. "ಲೋ ಪಂಡಿತ, ನಾಳೆ ನನ್ನ ತಟ್ಟೆ ಹುರುಳಿಗೂ ಅರ್ಥ ಹೇಳ್ತೀಯೇನೋ?"

ಕುದುರೆಯಿಂದ ಬಿದ್ದು ಸೊಂಟ ಮುರಿದಮೇಲೆ ಆರ್ವಿಲ್ ಜೀನು ಹೊಲಿಯುತ್ತಾ ಕೂತಿರುತ್ತಿದ್ದ. ಸೂಜಿ ನಿಲ್ಲಿಸಿ ಕೇಳಿದ: "ಹಂಗಾದ್ರೆ ಆ ಜೀನು ನಾನಾ, ಮಗಾ?"

ಅವನು ರೊಚ್ಚಿಗೇಳಲಿ, ಎಲ್ಲರೂ ಅವನ ಬೆನ್ನಿಗೆ ನಿಲ್ಲಲಿ ಎಂದು, "ಹೌದಜ್ಜ, ನೀನೇ," ಎಂದುಬಿಟ್ಟೆ. ಕಾರ್ಮಿಕ ಸಂಘದ ಕರಪತ್ರಗಳಲ್ಲಿ ಹಾಗೇ ಆಗುತ್ತದೆ. ಇಲ್ಲಿ ಯಾರೂ ಏಳಲಿಲ್ಲ. ಅವನು ದಾರ ಕಚ್ಚಿ ತುಂಡು ಮಾಡಿದ, ಅಷ್ಟೇ.

ಬೆಳಿಗ್ಗೆ ಅವನ ಹಾಸಿಗೆ ಖಾಲಿ. ನನ್ನ ಮಂಚದ ಕಾಲ ಬಳಿ ಅವನ ಸ್ವಂತ ಜೀನು. ಇಲ್ಲಿ ದನ ಕಾಯುವವನು ಹೆಂಡತಿಯನ್ನು ಬಿಟ್ಟರೂ ಜೀನು ಬಿಡುವುದಿಲ್ಲ; ಬಿಟ್ಟನೆಂದರೆ ಇನ್ನು ಕುದುರೆ ಹತ್ತುವುದಿಲ್ಲವೆಂದೇ.

"ಚಳಿಗಾಲಕ್ಕೂ ಅವನನ್ನ ಹೊಲಿಗೆಗೇ ಇಟ್ಕೋಬೇಕು ಅಂತಿದ್ದೆನಲ್ಲೋ," ಎಂದ ಮೇಸ್ತ್ರಿ. ಸುಳ್ಳಿರಬಹುದು. ನಿಜವಾಗಿದ್ದರೆ?

ರೈಲು ನಿಲ್ದಾಣದವರೆಗೆ ಹೋಗಿ ಬಂದೆ. ಅವನನ್ನು ಯಾರೂ ಕಂಡಿಲ್ಲ.

ಜೀನು ಇಲ್ಲೇ ಇದೆ. ಅಂಚಿನಲ್ಲಿ ನಿನ್ನೆಯ ಹೊಸ ಹೊಲಿಗೆ. ಹೋಗುವವನು ಅದನ್ನೇಕೆ ರಿಪೇರಿ ಮಾಡಿದ? ಅದಕ್ಕೂ ಒಂದು ಅರ್ಥ ಹುಡುಕಲು ಮನಸ್ಸು ಹೊರಟಿತ್ತು, ನಾಚಿಕೆಯಾಗಿ ಅಲ್ಲಿಗೇ ತಡೆದೆ.