ಸೃಷ್ಟಿ ಸುಮ್ಮನೆ ಕೂತಿದ್ದಾಳೆ

ಉಣಕಲ್, ಹುಬ್ಬಳ್ಳಿ
೧೨ ಫೆಬ್ರುವರಿ ೧೯೯೯, ಶುಕ್ರವಾರ

ಪ್ರೀತಿಯ ಜಯಾ,

ನಿನ್ನ ಬೆನ್ನುನೋವು ಹೇಗಿದೆ? ರಾತ್ರಿ ಪಾಳಿ ಬದಲಾಯಿತೇ? ಮಸ್ಕತ್ತಿನ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಕೂರಿಸುವ ಕೆಲಸವೆಲ್ಲ ನಿನ್ನ ಪಾಲಿಗೇ ಬರುತ್ತದೆ ಎಂದು ಬರೆದಿದ್ದೆ. ಆಗುವುದಿಲ್ಲ ಎನ್ನುವುದನ್ನು ಕಲಿ. ನಾನೇ ಕಲಿಯದ್ದನ್ನು ನಿನಗೆ ಹೇಳುತ್ತಿದ್ದೇನೆ, ನಗಬೇಡ. ಇಲ್ಲಿ ಚಳಿ ಹಿಂದೆ ಸರಿದಿದೆ, ಮಧ್ಯಾಹ್ನ ಬರೀ ಧೂಳು. ನಮ್ಮಕ್ಕನ ಮೊಣಕಾಲು ಹಾಗೇ ಇದೆ. ಮನೆ ಶಾಂತವಾಗಿದೆ. ಈ ಮಾತನ್ನು ಬರೆದು ಬಹಳ ಹೊತ್ತು ಪೆನ್ನು ಕೆಳಗಿಟ್ಟಿದ್ದೆ.

ಕಳೆದ ರವಿವಾರ ಫೋನಿನಲ್ಲಿ ನಾನು ಹೇಳಿದ್ದು ಅಕ್ಕನ ಮಾತು. ಬೂತಿನ ಬಾಗಿಲಿಗೆ ಆತುಕೊಂಡು ನಿಂತು, "ಸೃಷ್ಟಿ ಭಾಳ ಶಾಣ್ಯಾ ಆಗ್ಯಾಳ ಅಂತ ಹೇಳೋ" ಎಂದು ಅವಳು ಹೇಳಿಕೊಡುತ್ತಿದ್ದಳು, ನಾನು ಒಪ್ಪಿಸಿದೆ. ಆ ಕಡೆ ನೀನು ಸಂತೋಷಕ್ಕೆ ಅತ್ತದ್ದು ಕೇಳಿಸಿತು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ.

ನೀನು ಹೊರಡುವ ಮುಂಚೆ ಧಾರವಾಡದ ಡಾಕ್ಟರು ನಮ್ಮ ಮಗಳ ಒಂದು ಕಡೆ ನಿಲ್ಲದ ಕಾಲಿಗೆ, ಅರ್ಧಕ್ಕೇ ಹಾರಿಹೋಗುವ ಲಕ್ಷ್ಯಕ್ಕೆ ಎ.ಡಿ.ಎಚ್.ಡಿ. ಎಂದು ನಾಲ್ಕು ಅಕ್ಷರದ ಹೆಸರು ಕೊಟ್ಟರಲ್ಲ. ಗುಳಿಗೆ ಕೆಟ್ಟದ್ದಲ್ಲ, ಆದರೆ ಮೊದಲು ಬೇರೆ ದಾರಿ ನೋಡೋಣ ಎಂದಿದ್ದರು. ನೀನು ಹೋದ ಮೇಲೂ ಅದನ್ನೆಲ್ಲ ನಡೆಸಿಕೊಂಡು ಬಂದೆವು. ಬೆಳಗ್ಗೆ ಕೆರೆಯ ಏರಿಯ ಮೇಲೆ ಸಾಕೆನ್ನುವಷ್ಟು ಓಟ, ಒಂದು ಸಲಕ್ಕೆ ಒಂದೇ ಕೆಲಸ, ಟಿ.ವಿ. ಬೇಗ ಬಂದ್, ಹೊತ್ತಿಗೆ ಸರಿಯಾಗಿ ನಿದ್ದೆ. ರೊಟ್ಟಿಯ ಉಪಾಯ ಮಾತ್ರ ಅಕ್ಕನದೇ. ಸಂಜೆ ತನ್ನ ಪಕ್ಕ ಕೂರಿಸಿಕೊಂಡು ಹಿಟ್ಟಿನ ಉಂಡೆ ಕೊಟ್ಟು, "ಬಡಿಯವ್ವಾ, ನಿನ್ನ ಸಿಟ್ಟೆಲ್ಲಾ ಇದರ ಮ್ಯಾಲ ತೀರಿಸ್ಕೋ" ಎನ್ನುತ್ತಿದ್ದಳು. ಹುಡುಗಿ ತಿರುಗಿಸುತ್ತ ಬಡಿಯುತ್ತ ರೊಟ್ಟಿ ದುಂಡಗಾಗುವವರೆಗೂ ಏಳುತ್ತಿರಲಿಲ್ಲ. ದಸರೆಯ ಹೊತ್ತಿಗೆ ಒಂದು ಪುಟ ಪೂರ್ತಿ ಬರೆಯುವಷ್ಟಾಗಿದ್ದಳು. ಅದು ನಿಜವಾದ ಗುಣ. ನಾನು ಕಣ್ಣಾರೆ ಕಂಡದ್ದು.

ಆ ದಿನಗಳಲ್ಲೇ ಅಕ್ಕ ಬೆಂಗೇರಿಯ ಸಂತೆಯಲ್ಲಿ ಯಾರಿಂದಲೋ ಒಂದು ಬೇರಿನ ಪುಡಿ ತಂದಳು. ಬೆಣ್ಣೆಯಲ್ಲಿ ಕಲಸಿ ಚಿಟಿಕೆಯಷ್ಟು ನೆಕ್ಕಿಸುವುದು. ನಾನು ಬೇಡವೆಂದಾಗ, "ನಿನಗ ಬಜಿಬೇರ ತೇದು ನೆಕ್ಕಿಸಿ ಮಾತ ಕಲಿಸಿದಾಕಿ ನಾ. ಅದೂ ಬೇರ, ಇದೂ ಬೇರ" ಎಂದಳು. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು, ನಾನು ಸುಮ್ಮನಾದೆ. ತಪ್ಪು ನಡೆದದ್ದು ಇಲ್ಲಿ, ಜಯಾ. ಓಟವೂ ರೊಟ್ಟಿಯೂ ಕೊಟ್ಟ ಫಲವನ್ನು ಇಡೀ ಮನೆ ಪುಡಿಯ ಲೆಕ್ಕಕ್ಕೆ ಬರೆದುಕೊಂಡಿತು. ಪುಡಿ ಇದ್ದ ಮೇಲೆ ಹೆಣ್ಣುಹುಡುಗಿ ಕೆರೆಯ ದಂಡೆಯಲ್ಲಿ ಯಾಕೆ ಓಡಬೇಕು, ದೃಷ್ಟಿಯಾಗುತ್ತದೆ ಎಂದು ಓಟ ನಿಂತಿತು. ಕೈ ಸುಟ್ಟುಕೊಂಡಾಳು ಎಂದು ರೊಟ್ಟಿಯೂ ನಿಂತಿತು. ಅವು ನಿಂತ ಮೇಲೆ ಚಡಪಡಿಕೆ ಮರಳಿ ಬಂತು. ಚಿಟಿಕೆ ಚಮಚವಾಯಿತು.

ಈಗ ಅವಳು ಕೂತಿರುತ್ತಾಳೆ. ಶಾಲೆಯಿಂದ ಬಂದು ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತರೆ ಊಟಕ್ಕೆ ಕರೆಯುವವರೆಗೂ ಅಲ್ಲೇ. ಹೋದ ವಾರ ತುಟಿಯ ಮೇಲೆ ನೊಣ ಕೂತಿತ್ತು. ಓಡಿಸುತ್ತಾಳೆಂದು ನಾನು ಕಾದು ನೋಡಿದೆ. ಓಡಿಸಲಿಲ್ಲ. ಹೋದ ವರ್ಷ ಇವಳನ್ನು ಬಿಡಿಸಿಕೊಂಡು ಹೋಗಿ ಎಂದಿದ್ದ ಅವಳ ಟೀಚರು ಈಗ ನನ್ನನ್ನು ಶಾಲೆಯ ಗೇಟಿನಲ್ಲಿ ನಿಲ್ಲಿಸಿ, "ಬಂಗಾರದಂಥಾ ಹುಡಿಗಿರಿ. ಕ್ಲಾಸಿನ್ಯಾಗ ಅದಾಳ ಅನ್ನೂದ ಗೊತ್ತಾಗೂದಿಲ್ಲ" ಎಂದು ಹೊಗಳಿದರು. ನಾನು ಕೈಮುಗಿದು ಬಂದೆ. ಆ ಶಾಂತಿ ನನಗೂ ಹಿಡಿಸಿತ್ತು. ಸಂಜೆ ಪೇಪರು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದೆ.

ಸೋಮವಾರ ಪುಡಿಯನ್ನೂ ಅವಳನ್ನೂ ಡಾಕ್ಟರ ಬಳಿಗೆ ಒಯ್ದೆ. ಅವರು ಅವಳ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಏನೋ ಕೇಳಿದರು, ಅವಳು ಉತ್ತರಿಸುವಷ್ಟರಲ್ಲಿ ಪ್ರಶ್ನೆ ಮರೆತಿದ್ದಳು. "ಬೇರಿನ ಪುಡಿ ಅಂತ ಹೇಳಿ ಮಾರ್ಯಾರ ಖರೇ. ನಿದ್ದಿ ಗುಳಿಗಿ ಅರದ ಕೂಡಿಸ್ಯಾರ ಅನಸ್ತದರಿ" ಎಂದರು. "ಇವತ್ತ ನಿಲ್ಲಸ್ರಿ. ಶನಿವಾರ ಮತ್ತ ಕರಕೊಂಡ ಬರ್ರಿ." ಮನೆಗೆ ಬಂದು ಅಕ್ಕನ ಎದುರಿಗೇ ಪೊಟ್ಟಣವನ್ನು ಗಟಾರಕ್ಕೆ ಸುರುವಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ಜಗಳಾಡಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

ಮಂಗಳವಾರ ಸೃಷ್ಟಿ ಹಾಗೇ ಕೂತಿದ್ದಳು. ಒಂದೇ ದಿನಕ್ಕೆ ಇಳಿಯುವುದಿಲ್ಲವೇನೋ ಎಂದುಕೊಂಡೆ. ಬುಧವಾರ ಶಾಲೆ ಬಿಡಿಸಿ, ಬೆಳಗಿನ ನಾಷ್ಟಾಕ್ಕೂ ಮುಂಚೆ ನನ್ನ ಜೊತೆ ಆಫೀಸಿಗೆ ಕರೆದೊಯ್ದೆ. ಮಧ್ಯಾಹ್ನ ಖಾನಾವಳಿಯಲ್ಲಿ ಉಂಡಳು. ಸಂಜೆಯ ಹೊತ್ತಿಗೆ ನಾನು ವಾರವಿಡೀ ತಿದ್ದಿದ್ದ ಗಿರಾಕಿಯ ಮನೆಯ ನಕ್ಷೆಗೆ ಕೆಂಪು ಪೆನ್ಸಿಲಿನಿಂದ ಹೆಚ್ಚಿನ ಬಾಗಿಲುಗಳನ್ನು ಬರೆದಿಟ್ಟು, ಮೇಜುಗಳ ಕೆಳಗೆ ನುಸುಳಿ ಓಡುತ್ತಿದ್ದಳು. ಇಂಜಿನಿಯರರು ಎಲ್ಲರ ಎದುರಿಗೆ ನನ್ನನ್ನು ಬೈದರು. ಜಯಾ, ಬೈಸಿಕೊಳ್ಳುತ್ತ ನನ್ನ ಕಣ್ಣು ತುಂಬಿ ಬಂತು. ಅವಳು ಮರಳಿ ಬಂದಿದ್ದಳು.

ಆ ಸಂಜೆ ಮನೆಯಲ್ಲಿ ಉಂಡಳು. ನಿನ್ನೆ ಬೆಳಗ್ಗೆಯೂ ಉಂಡಳು. ನಾನು ಆಫೀಸಿನಿಂದ ಬಂದಾಗ ತೊಡೆಯ ಮೇಲೆ ಪಾಟಿ ಬಳಪ ಇಟ್ಟುಕೊಂಡು, ಬಾಯಿ ತೆರೆದು, ಕೂತಲ್ಲೇ ನಿದ್ದೆ ಹೋಗಿದ್ದಳು. ಏನು ಕೊಟ್ಟೆ ಎಂದು ಅಕ್ಕನನ್ನು ಕೇಳಿದೆ.

"ಊಟ ಕೊಟ್ಟೇನಿ. ಹಸದ ಕೂಸಿಗೆ ಮತ್ತೇನ ಕೊಡಲಿ?" ಎಂದಳು.

ಹೇಳುವಾಗ ಹುಡುಗಿಯ ಬೆವೆತ ಹಣೆಯನ್ನು ಸೆರಗಿನಿಂದ ಒರೆಸುತ್ತಿದ್ದಳು, ಎಷ್ಟು ಮೆತ್ತಗೆ ಎಂದರೆ ನಾನು ನೋಡಲಾರದೆ ಹೊರಗೆ ಬಂದೆ. ಆಮೇಲೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡಿದೆ. ಹಿಟ್ಟು, ಬೆಲ್ಲ, ಶೇಂಗಾಪುಡಿ, ಅಗಸೆಪುಡಿ. ನಮ್ಮ ಮನೆಗಳಲ್ಲಿ ಎಷ್ಟೊಂದು ಪುಡಿಗಳಿರುತ್ತವೆ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಭಾರ ಎತ್ತಬೇಡ. ಎದುರುಮನೆಯ ಚಾಂದಬಿ ನಿನ್ನನ್ನು ದಿನವೂ ಕೇಳುತ್ತಾಳೆ, ಅವಳ ಸಲಾಮು. ಸೃಷ್ಟಿಯಿಂದ ನಾಲ್ಕು ಸಾಲು ಬರೆಸಬೇಕೆಂದಿದ್ದೆ. ಪೆನ್ಸಿಲು ಹಿಡಿದಳು, ಬರೆಯಲಿಲ್ಲ. ದೇವರು ನಿನ್ನನ್ನು ಅಲ್ಲಿ ಚೆನ್ನಾಗಿಟ್ಟಿರಲಿ.

ನಿನ್ನ
ಶಶಿಕಾಂತ

ತಾ.ಕ.: ಅವಸರದಲ್ಲಿದ್ದೇನೆ. ಇದನ್ನು ಟಪಾಲಿಗೆ ಹಾಕುತ್ತಿಲ್ಲ. ಚಾಂದಬಿಯ ಅಣ್ಣ ಗುಲಾಬಸಾಬ ಈ ಸಂಜೆ ಮುಂಬಯಿ ಬಸ್ಸು ಹಿಡಿದು ನಾಳೆ ಮಸ್ಕತ್ತಿಗೆ ಹಾರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅಕ್ಕ ಗುಡಿಗೆ ಹೋಗಿದ್ದಾಳೆ. ಸೃಷ್ಟಿಯ ಬಟ್ಟೆ ಚೀಲಕ್ಕೆ ಹಾಕಿದ್ದಾಯಿತು. ನಾಳೆ ಡಾಕ್ಟರಿಗೆ ತೋರಿಸಿದ ಮೇಲೆ ನಾವು ಈ ಮನೆಗೆ ಮರಳುವುದಿಲ್ಲ. ಎಲ್ಲಿರುತ್ತೇವೆ ಎಂಬುದನ್ನು ಗುಲಾಬಸಾಬ ಬಾಯಿಂದ ಹೇಳುತ್ತಾನೆ, ಬರೆಯುವುದು ಬೇಡ. ರವಿವಾರ ಅಕ್ಕ ನಿನಗೆ ಫೋನು ಮಾಡಿ ಅಳುತ್ತಾಳೆ. ಆ ಅಳು ನಿಜದ್ದೇ ಆಗಿರುತ್ತದೆ. ಹೇಳಬೇಡ. ಒಂದೇ ಒಂದು ಸಲ ಕೂಸನ್ನು ಕಳಿಸಿರಿ, ಕೈಯಾರೆ ಉಣಿಸಿ ಬಿಡುತ್ತೇನೆ ಎಂದು ಕೇಳುತ್ತಾಳೆ. ಆಗಲೂ ಹೇಳಬೇಡ.