ಅಳತೆಕೋಲಿನ ಮೂರನೆಯ ಕಚ್ಚು

ಸ್ಪೈಸ್‌ವುಡ್ ಕೋವ್, ಉತ್ತರ ಕೆರೊಲಿನಾ
ಶನಿವಾರ, ೧೭ ಅಕ್ಟೋಬರ್ ೧೯೮೭

ಪ್ರೀತಿಯ ಒನೈಡಾ,

ಆಗಸ್ಟ್‌ನಲ್ಲಿ ನೀನು ಬರೆದ ಕಾರ್ಡು ಕೈಸೇರಿದೆ. ಮುಂದಿನ ವರ್ಷದ ಮೇಳಕ್ಕೆ ಬಂದು ನನ್ನ ಮಳಿಗೆಯಲ್ಲಿ ಪಕ್ಕ ನಿಲ್ಲಲೇ ಎಂದು ಕೇಳಿದ್ದೀಯ. ಎರಡು ತಿಂಗಳು ನಾನು ಉತ್ತರ ಬರೆಯಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ಅಂಗಳದಲ್ಲಿ ಎಲ್ಲರೆದುರು ನಾನು ಆಡಿದ ಮಾತು ನಿನಗೆ ಮರೆತಿರಲಾರದು. ನನಗೂ ಮರೆತಿಲ್ಲ. ಕುರ್ಚಿ ಮಾಡಲು ಅಪ್ಪ ಬಳಸುತ್ತಿದ್ದ ಅಳತೆಕೋಲು ಅದರ ಮೊಳೆಯಲ್ಲಿ ಇರಲಿಲ್ಲ. ಕೊನೆಯ ವರ್ಷ ಆ ಮನೆಗೆ ಹೋಗಿಬರುತ್ತಿದ್ದವಳು ನೀನೊಬ್ಬಳೇ. ತೆಗೆದುಕೊಂಡಿಲ್ಲ ಎಂದು ನೀನು ಹೇಳಿದೆ, ನಾನು ನಂಬಲಿಲ್ಲ. ನೀನು ಗಂಡನ ಜೊತೆ ಓಹಿಯೋದ ಡೇಟನ್‌ಗೆ ಹೋದೆ. ಈ ಡಿಸೆಂಬರ್‌ಗೆ ಒಂಬತ್ತು ವರ್ಷ.

ಇವತ್ತು ಬರೆಯುತ್ತಿರುವುದಕ್ಕೆ ಕಾರಣವಿದೆ. ನನಗೆ ಸಾಕ್ಷಿ ಸಿಕ್ಕಿದೆ.

ಬೆಳಿಗ್ಗೆ ಎಂಟಕ್ಕೆ ಶಾಲೆಯ ಬಯಲಿನಲ್ಲಿ ಮೇಳ ಶುರುವಾಯಿತು. ನಿನ್ನ ಭಾವ ಲಾಯ್ಡ್ ಎಂದಿನಂತೆ ಮಳಿಗೆಯ ಮುಂದಿನ ಹಲಗೆಯನ್ನು ಮೇಲೆತ್ತಿ, ಆಧಾರ ಕೊಟ್ಟು ನಿಲ್ಲಿಸಿದ. ನಾನು ಹಿಂದುಗಡೆ ತಾಮ್ರದ ಕೊಪ್ಪರಿಗೆಯಲ್ಲಿ ಸೇಬಿನ ತಿರುಳು ಕುದಿಸಿ ಆಪಲ್ ಬಟರ್ ಮಾಡುತ್ತಿದ್ದೆ. ಎದುರಿನ ಸಾಲಿನಲ್ಲಿ ಹೊಸಬನೊಬ್ಬ ಕುರ್ಚಿಗಳನ್ನು ಇಳಿಸುತ್ತಿದ್ದ. ಡೆಲ್ಮಾರ್ ಟಕೆಟ್ ಅಂತೆ, ನಲವತ್ತರ ಆಸುಪಾಸು. ಬೆನ್ನಿಗೆ ನಾಲ್ಕು ಅಡ್ಡಪಟ್ಟಿ, ಕೂರಲು ಮರದ ನಾರಿನ ಹೆಣಿಗೆ, ಮೊಳೆಯಿಲ್ಲ, ಅಂಟಿಲ್ಲ. ದೂರದಿಂದಲೇ ಗುರುತು ಹಿಡಿದೆ. ಅವು ಅಪ್ಪನ ಕುರ್ಚಿಗಳಂತೆಯೇ ಇದ್ದವು.

ಮಗುಚುವ ಹುಟ್ಟನ್ನು ಲಾಯ್ಡ್ ಕೈಗೆ ಕೊಟ್ಟು ಹೋಗಿ ಮುಟ್ಟಿ ನೋಡಿದೆ. ಕೆಳಗಿನಿಂದ ಮೂರನೆಯ ಅಡ್ಡಪಟ್ಟಿ ಇರಬೇಕಾದ ಜಾಗಕ್ಕಿಂತ ಒಂದು ಬೆರಳಗಲ ತಗ್ಗಿನಲ್ಲಿತ್ತು. ಮುಂದಿನ ಕುರ್ಚಿಯಲ್ಲೂ ಹಾಗೆಯೇ. ಆರಕ್ಕೆ ಆರೂ.

ತಾತ ಕೊರೆದ ಕೋಲಿನಲ್ಲಿ ಅಡ್ಡಪಟ್ಟಿಗಳ ಜಾಗ ತೋರಿಸುವ ನಾಲ್ಕು ಕಚ್ಚುಗಳಿದ್ದವು, ಮೂರನೆಯದು ತಪ್ಪು ಜಾಗದಲ್ಲಿತ್ತು, ನೆನಪಿದೆಯಲ್ಲ? "ತಾತನ ಕೋಲು ಇಲ್ಲೊಂದು ಸುಳ್ಳು ಹೇಳುತ್ತೆ ಕಣ್ರೇ, ನಾನು ತಿದ್ಕೊಂಡು ಹೋಗ್ತೀನಿ" ಎಂದು ಅಪ್ಪ ನಗುತ್ತಿದ್ದರು. ತಂದೆಯ ಕೋಲು ಗಟ್ಟಿಯಿರುವಾಗ ಹೊಸದನ್ನು ಕಡಿಯುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಕೋಲು ತಪ್ಪಾಗಿಯೇ ಉಳಿಯಿತು, ಕುರ್ಚಿಗಳು ಸರಿಯಾಗಿಯೇ ಬಂದವು. ಇದು ಗೊತ್ತಿದ್ದದ್ದು ಅಪ್ಪನಿಗೆ, ನಿನಗೆ, ನನಗೆ. ಗೊತ್ತಿಲ್ಲದವನೊಬ್ಬ ಆ ಕೋಲು ಹಿಡಿದು ಕುರ್ಚಿ ಮಾಡಿದರೆ ಹೇಗಿರುತ್ತದೋ, ಈ ಕುರ್ಚಿಗಳು ಹಾಗಿದ್ದವು.

ನನ್ನ ಪಕ್ಕದ ಮಳಿಗೆಯಲ್ಲಿ ಬೀನ್ಸ್ ಸಾರು, ಜೋಳದ ರೊಟ್ಟಿ ಮಾರುವ ಮೋಜೆಲ್ ಅಲ್ಲಿಂದಲೇ ಕೂಗಿದಳು: "ಏನೇ ವರ್ಲಿ, ಕುರ್ಚಿ ಕೊಳ್ತೀಯೋ, ಅದನ್ನೇ ಮದ್ವೆ ಆಗ್ತೀಯೋ? ಆಗ್ಲಿಂದ ಸವರ್ತಾನೇ ಇದೀಯ!" ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ಎಲ್ಲಿಂದ ಬಂದಿರಿ ಎಂದು ಅವನನ್ನು ಕೇಳಿದೆ.

"ಓಹಿಯೋದಿಂದ ಅಮ್ಮಾ. ಡೇಟನ್ ಹತ್ರ."

ಡೇಟನ್, ಒನೈಡಾ. ಕೋಲನ್ನು ಕೊಟ್ಟೆಯೋ, ಮಾರಿದೆಯೋ? ಅವನ ಮುಖದ ಮೇಲೆ ಕಳ್ಳತನದ ಗೆರೆಯಿರಲಿಲ್ಲ. ಅದರಿಂದ ನಿನ್ನ ಮೇಲಿನ ಅನುಮಾನ ಹೆಚ್ಚೇ ಆಯಿತು. ನಾಳೆ ನೇರವಾಗಿ ಕೇಳುತ್ತೇನೆ. ಕೇಳಿಯೇ ಈ ಕಾಗದ ಮುಗಿಸುತ್ತೇನೆ.

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಕೇಳಿದೆ. ಆಚೆ ಪಿಟೀಲು, ಬ್ಯಾಂಜೊ ಸೇರಿ ಕುಣಿತದವರ ಕಾಲಡಿಯ ಮರದ ಅಟ್ಟ ದಡಬಡಿಸುತ್ತಿದ್ದರಿಂದ ಗಂಟಲೆತ್ತಿ ಕೇಳಬೇಕಾಯಿತು. ನಮ್ಮಪ್ಪನ ಕೋಲು ನಿಮಗೆ ಯಾರು ಕೊಟ್ಟರು ಎಂದೆ.

"ಕೋಲಾ? ಯಾವ ಕೋಲಮ್ಮಾ? ನಾನು ಕುರ್ಚಿ ನೋಡಿ ಕುರ್ಚಿ ಮಾಡೋನು" ಎಂದ. ಒನೈಡಾ ಎಂಬ ಹೆಂಗಸು ಗೊತ್ತೇ ಎಂದೆ. ಗೊತ್ತಿಲ್ಲ ಎಂದ. ನಾನು ಕದಲದೆ ನಿಂತಿದ್ದು ನೋಡಿ, ಟ್ರಕ್ಕಿನಿಂದ ಒಂದು ಹಳೆಯ ಕುರ್ಚಿ ಇಳಿಸಿ ತಂದು ನನ್ನ ಮುಂದಿಟ್ಟ. ಈ ಕಡೆಯಿಂದ ಅಲ್ಲಿಗೆ ಹೋಗಿದ್ದ ಯಾರದೋ ಮನೆ ಖಾಲಿ ಮಾಡುವಾಗ ಕೊಂಡದ್ದಂತೆ. ತಿರುಗಿಸಿ ನೋಡಿದರೆ ಹಿಂಗಾಲಿನ ಅಡಿಯಲ್ಲಿ ಚಾಕುವಿನಲ್ಲಿ ಗೀಚಿದ ಅಪ್ಪನ ಗುರುತು, ಪಕ್ಕದಲ್ಲಿ ೭೮.

ಮೂರನೆಯ ಅಡ್ಡಪಟ್ಟಿ ತಗ್ಗಿನಲ್ಲಿತ್ತು. ಅಪ್ಪನ ಕೈಯದೇ ಕುರ್ಚಿ, ಆದರೂ ತಗ್ಗಿನಲ್ಲಿತ್ತು.

ನಮ್ಮಪ್ಪ ಹೀಗೆ ಮಾಡುವವರೇ ಅಲ್ಲ ಎಂದು ವಾದಿಸಿದೆ. ಅವನು ದನಿ ತಗ್ಗಿಸಿದ. "ಬೇಜಾರ್ ಮಾಡ್ಕೋಬೇಡಿ ಅಮ್ಮಾ. ಇದನ್ನ ಮಾಡುವಾಗ ಅವ್ರಿಗೆ ಕಣ್ಣು ಕಾಣ್ತಿರಲಿಲ್ಲ ಅನ್ಸುತ್ತೆ. ಇಲ್ನೋಡಿ, ಚಾಕು ಗುರುತು ಮೂರು ಸಲ ಬಿದ್ದಿದೆ. ಬೆರಳಲ್ಲಿ ತಡವಿ ತಡವಿ ಕೊರ್ದಿದಾರೆ. ನಾನು ಇದೇ ಅವ್ರ ಪದ್ಧತಿ ಅನ್ಕೊಂಡು ಹಾಗೇ ಮಾಡ್ತಾ ಬಂದೆ."

ಕಣ್ಣು ಕಾಣದವರು ಕೋಲು ಹೇಳಿದಂತೆಯೇ ಕೊರೆದಿದ್ದಾರೆ. ತಿದ್ದಲು ನೋಟ ಇರಲಿಲ್ಲ.

ಇದು ನಿನಗೆ ಗೊತ್ತಿತ್ತು, ಅಲ್ಲವೇ? ಏಕೆ ಹೇಳಲಿಲ್ಲ ಎಂದು ಬರೆಯಲು ಹೊರಟು ಪೆನ್ನು ಕೆಳಗಿಟ್ಟೆ. ಎಪ್ಪತ್ತೇಳರ ಮೇಳದಲ್ಲಿ ಅಪ್ಪ ನನ್ನ ಆಪಲ್ ಬಟರ್ ರುಚಿ ನೋಡಿ ಗಿರಾಕಿಗಳೆದುರು "ಈ ಸಲದ್ದು ಸೀದಿದೆ, ತಗೋಬೇಡಿ" ಎಂದದ್ದಕ್ಕೆ, ಇನ್ನು ನನ್ನ ಮಳಿಗೆ ಮೆಟ್ಟಬೇಡಿ ಎಂದವಳು ನಾನು. ಆಮೇಲೆ ಅವರ ಮನೆಗೆ ಕಾಲಿಡಲಿಲ್ಲ. ಅದು ಸೀದಿರಲಿಲ್ಲ ಎಂದು ಹತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಸೀದಿತ್ತು. ಕುಣಿತ ನೋಡಲು ಹುಟ್ಟು ಬಿಟ್ಟು ಹೋಗಿದ್ದೆ.

ಡೆಲ್ಮಾರ್ ಮೇಲಿನ ಅನುಮಾನ ಹೋಯಿತು. ಹಾಗೆಂದು ನಿನ್ನ ಮೇಲಿನದು ಹೋಗಲಿಲ್ಲ. ಕೋಲಿಗೆ ಕಾಲು ಬಂದು ತಾನೇ ನಡೆದು ಹೋಗುವುದಿಲ್ಲ. ಮೇಳಕ್ಕೆ ಬರುವುದಾದರೆ ಬಾ. ಆದರೆ ಮಳಿಗೆಯೊಳಗೆ ಬರುವ ಮೊದಲು, ನಾನು ತೆಗೆದಿಲ್ಲ ಎಂದು ನನ್ನ ಎದುರು ನಿಂತು ಇನ್ನೊಮ್ಮೆ ಹೇಳಬೇಕು.

ನಿನ್ನ ಅಕ್ಕ,
ವರ್ಲಿ

ತಾ.ಕ.: ಭಾನುವಾರ ಸಂಜೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಮಳಿಗೆ ಮುಚ್ಚುವಾಗ ಮುಂದಿನ ಹಲಗೆ ಇಳಿಸಲು ಡೆಲ್ಮಾರ್ ಕೈಜೋಡಿಸಿದ. ಹಲಗೆಯ ಭಾರವನ್ನು ನಾನು ತಲೆಯ ಮೇಲೆ ಹಿಡಿದಿದ್ದೆ, ಅವನು ಆಧಾರಕ್ಕಿಟ್ಟಿದ್ದ ಕೋಲನ್ನು ಎಳೆದುಕೊಂಡ. ಎಳೆದವನು ಹೆಬ್ಬೆರಳಿನಿಂದ ಸವರುತ್ತ ನಿಂತುಬಿಟ್ಟ. "ಅಮ್ಮಾ, ಹಲಗೆ ಎತ್ತೋ ಕೋಲಿಗೆ ಯಾರಾದ್ರೂ ಕಚ್ಚು ಹಾಕ್ತಾರಾ?" ಹಳೆಯ ಕುರ್ಚಿಯ ಹಿಂಗಾಲಿಗೆ ಹೊಂದಿಸಿ ನೋಡಿದೆವು. ನಾಲ್ಕೂ ಕಚ್ಚು ನಾಲ್ಕೂ ಅಡ್ಡಪಟ್ಟಿಗೆ ಸರಿಯಾಗಿ ಕೂತವು, ಮೂರನೆಯದೂ.

ಹಲಗೆ ಎತ್ತಿ ಇಳಿಸುವುದು ಹೆಚ್ಚಾಗಿ ಲಾಯ್ಡ್, ನಾನು ಆ ಕೋಲನ್ನು ಗಮನಿಸಿದವಳಲ್ಲ. ಅದು ನಾನು ತಂದಿಟ್ಟದ್ದೆಂದು ಅವನು ತಿಳಿದಿದ್ದನಂತೆ. ಎಪ್ಪತ್ತೊಂಬತ್ತರ ವಸಂತದಲ್ಲಿ ಮಳಿಗೆಗೆ ಹಸಿರು ಬಣ್ಣ ಬಳಿದಾಗ ಅದಕ್ಕೂ ಬಳಿದಿದ್ದಾನೆ. ವರ್ಷ ವರ್ಷ ಬಳಿದು ಕಚ್ಚುಗಳು ಕಣ್ಣಿಗೆ ಬೀಳದಂತೆ ಮುಚ್ಚಿಹೋಗಿವೆ. ಮೋಜೆಲ್ ಪಾತ್ರೆ ಒರೆಸುತ್ತಲೇ ಹೇಳಿದಳು: "ಅಯ್ಯೋ, ಅದು ನಿಮ್ಮಪ್ಪ ಇಟ್ಟಿದ್ದಲ್ವೇನೇ? ಅವ್ರು ತೀರ್ಕೊಂಡ ವರ್ಷದ ಮೇಳದಲ್ಲಿ ನೀನು ಪೊರಕೆ ಕೊಟ್ಟು ಹಲಗೆ ನಿಲ್ಸಿದ್ದೆ, ಜಾರಿ ಜಾರಿ ಬೀಳ್ತಿತ್ತು. ಆ ಸದ್ದು ಕೇಳಿ, 'ಇದು ಅವಳ ತಲೆ ಮೇಲೆ ಬಿದ್ದೀತು, ನನಗಿನ್ನು ಕೋಲಿಂದ ಏನಾಗ್ಬೇಕು' ಅಂದು ಇಟ್ಟು ಹೋದ್ರು. ನೀನು ಕೊಪ್ಪರಿಗೆ ಹತ್ರ ಆ ಕಡೆ ತಿರುಗ್ಕೊಂಡಿದ್ದೆ. ನಿಂಗೆ ಗೊತ್ತು ಅನ್ಕೊಂಡಿದ್ನಲ್ಲೇ ನಾನು!"

ಒನೈಡಾ, ಆ ದಿನ ನಾನು ಅಪ್ಪನ ಟೋಪಿ ನೋಡಿದ್ದೆ. ನೋಡಿಯೇ ಬೆನ್ನು ತಿರುಗಿಸಿದ್ದು. ಇದನ್ನು ಲಾಯ್ಡ್‌ಗೂ ಹೇಳಿಲ್ಲ.

ಸಹಿಯ ಮೇಲಿನ ಕೊನೆಯ ಸಾಲನ್ನು ಗೀಟು ಎಳೆದು ಹೊಡೆದುಹಾಕಿದ್ದೇನೆ. ಆದರೂ ಅದು ಓದಲು ಬರುತ್ತದೆ, ಬರಲಿ. ಮುಂದಿನ ಅಕ್ಟೋಬರ್‌ವರೆಗೆ ಕಾಯಬೇಡ, ಈ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೇ ಬಾ. ಕೋಲಿನ ಬಣ್ಣ ಕೆರೆಯುವುದಿದೆ. ಮೂರನೆಯ ಕಚ್ಚಿನವರೆಗೆ ನಾನು ಕೆರೆದಿದ್ದೇನೆ. ಉಳಿದದ್ದನ್ನು ನಿನಗೆಂದು ಬಿಟ್ಟಿದ್ದೇನೆ.