ಐದೇ ನಿಮಿಷ

ಭಾನುವಾರ, ಸಂಜೆ

ಪುಟ್ಟಿಯ ಅಪ್ಪನವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಬಸ್ ಡಿಪೋ ಹಿಂದಿನ ಆ ಬಾಡಿಗೆ ಕೋಣೆಯಲ್ಲಿ ನೀವು ಅಡುಗೆ ಸೀಯಿಸಿಕೊಂಡು ತಿನ್ನುತ್ತಿರುವುದು ನನಗೆ ಗೊತ್ತಿಲ್ಲವೇ? ನಾನು ಚೆನ್ನಾಗಿದ್ದೇನೆ. ಅಂಗಡಿಯಲ್ಲಿ ಯೂನಿಫಾರಂ ಬಟ್ಟೆ ರಾಶಿ ಬಿದ್ದಿದೆ, ತಲೆ ಎತ್ತಲು ಪುರುಸೊತ್ತಿಲ್ಲ.

ಒಂದು ವಿಚಾರ ಹೇಳಬೇಕು, ನನಗೆ ತಿಳಿದು ಕೆಲವು ವಾರಗಳಾದವು. ನನ್ನ ಜೊತೆ ಹೊಲಿಯುವ ಹುಡುಗಿ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಯುದ್ಧದ ಆಟ ಆಡುತ್ತಾಳೆ. ನಮ್ಮ ಪುಟ್ಟಿ ಆಡುತ್ತಿದ್ದಳಲ್ಲ, ಅದೇ. ಅದರಲ್ಲಿ ‘ಐದೇ ನಿಮಿಷ’ ಎಂಬ ಹೆಸರಿನವನೊಬ್ಬ ಇದ್ದಾನಂತೆ. ಬಂದೂಕು ಮುಟ್ಟುವುದಿಲ್ಲವಂತೆ. ಗಾಯಗೊಂಡವರನ್ನು ಜೀಪಿಗೆ ಹತ್ತಿಸಿಕೊಂಡು, ನದಿ ದಾಟಿಸಿ, ಮಾಯವಾಗುತ್ತಾನಂತೆ. ಮಾತಾಡಿಸಿದರೆ ಉತ್ತರವಿಲ್ಲ. ಕೆಲವರು ದೆವ್ವ ಎನ್ನುತ್ತಾರೆ, ಕೆಲವರು ಆಟದ ಕಂಪನಿಯವರೇ ಬಿಟ್ಟ ಗೊಂಬೆ ಎನ್ನುತ್ತಾರೆ. ಅವನ ಜೀಪು ಹತ್ತಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ ಎಂದೂ ಸುದ್ದಿಯಿದೆ.

ಹೆಸರು ಕೇಳಿ ನನ್ನ ಕೈ ಮಿಷನ್ನಿನ ಮೇಲೆಯೇ ನಿಂತುಬಿಟ್ಟಿತು. ಊಟಕ್ಕೆ ಕರೆದಾಗಲೆಲ್ಲ ಪುಟ್ಟಿ ಕೋಣೆಯೊಳಗಿಂದ ಕೂಗುತ್ತಿದ್ದ ಮಾತದು. ನನ್ನನ್ನು ರೇಗಿಸಲೆಂದೇ ಆಟದಲ್ಲೂ ಅದೇ ಹೆಸರಿಟ್ಟುಕೊಂಡಿದ್ದಳು. ಒಂದು ಗಳಿಗೆ, ಮಗಳು ಇನ್ನೂ ಎಲ್ಲೋ ಬದುಕಿದ್ದಾಳೆ ಎಂದೇ ನಂಬಿದೆ. ನಗಬೇಡಿ.

ಆಮೇಲೆ ಹುಡುಗಿ ಇನ್ನೊಂದು ಮಾತು ಹೇಳಿದಳು. ಜೀಪು ಹೊರಡುವ ಮುಂಚೆ ಅವನು ಎರಡು ಸಲ ಹಾರನ್ ಹೊಡೆದು, ಕೊನೆಯವರು ಹತ್ತುವವರೆಗೂ ಕಾಯುತ್ತಾನಂತೆ. ಸದ್ದು ಮಾಡಿದರೆ ಶತ್ರುಗಳಿಗೆ ಜಾಗ ತಿಳಿದುಹೋಗುತ್ತದೆ. ಅಷ್ಟೂ ಗೊತ್ತಿಲ್ಲದ ಪೆದ್ದ ಆ ಆಟದಲ್ಲಿ ಬೇರೆ ಯಾರೂ ಇಲ್ಲವಂತೆ. ಯಾರೆಂದು ನನಗೆ ಗೊತ್ತಾಯಿತು. ಇಷ್ಟು ವರ್ಷ ಬಸ್ಸು ಓಡಿಸಿದ ಕೈ ಎಲ್ಲಿ ಸುಮ್ಮನಿರುತ್ತದೆ?

ಪುಟ್ಟಿಯ ಮೊಬೈಲಿಗಾಗಿ ನಾನು ಮನೆಯೆಲ್ಲ ತಡಕಾಡಿದ್ದೆ. ನೀವು ಮನೆ ಬಿಟ್ಟು ಹೋಗುವಾಗ ಒಯ್ದಿದ್ದೀರಿ. ಆಗಲೇ ತಿಳಿದಿದ್ದರೆ ಬೀದಿಗೆ ಕೇಳುವಂತೆ ಜಗಳವಾಡುತ್ತಿದ್ದೆ. ಈಗ ಸಿಟ್ಟಿಲ್ಲ, ಹೊಟ್ಟೆಕಿಚ್ಚಿದೆ. ಅವಳು ಇಟ್ಟುಕೊಂಡ ಹೆಸರು ಹಿಡಿದು ಕರೆಯುವವರು ಅಲ್ಲಿ ಎಷ್ಟೋ ಜನ ಇದ್ದಾರೆ. ಈ ಮನೆಯಲ್ಲಿ ಒಬ್ಬರೂ ಇಲ್ಲ.

ತಿಂಗಳ ಕೊನೆಗೆ ಆ ಆಟವನ್ನೇ ಮುಚ್ಚುತ್ತಾರಂತೆ, ನಿಮಗೂ ಗೊತ್ತಿರಬೇಕು. ಆ ಹೆಸರು ಅಳಿಸಿಹೋಗುವಾಗ ನೀವು ಒಬ್ಬರೇ ಕೂತಿರುವುದು ನನಗೆ ಬೇಡ. ಅವಳು ಹೋದಾಗ ನೀವು ಒಂದು ಗೋಡೆಗೆ, ನಾನು ಇನ್ನೊಂದು ಗೋಡೆಗೆ ಮುಖ ಮಾಡಿ ಅತ್ತೆವು. ಇನ್ನೊಮ್ಮೆ ಹಾಗಾದರೆ ನಾನು ತಡೆದುಕೊಳ್ಳಲಾರೆ. ಆ ಮೊಬೈಲ್ ತೆಗೆದುಕೊಂಡು ಮನೆಗೆ ಬನ್ನಿ.

ಇಂತಿ,
ಪುಟ್ಟಿಯ ಅಮ್ಮ

ಬರೆಯದೆ ಬಿಟ್ಟದ್ದು: ಆ ಆಟದಲ್ಲಿ ಹಳದಿ ಟೋಪಿ ಹಾಕಿಕೊಂಡು, ನೆಟ್ಟಗೆ ಓಡಲೂ ಬಾರದೆ ಗುಂಡಿಗೆ ಬಿದ್ದೆದ್ದು, ನಿಮ್ಮ ಜೀಪಿಗೆ ದಿನಾ ಕೊನೆಯಲ್ಲಿ ಹತ್ತುವವನೊಬ್ಬ ಇದ್ದಾನಲ್ಲ, ನೀವು ಹಾರನ್ ಹೊಡೆದು ಕಾಯುತ್ತೀರಲ್ಲ, ಅದು ನಾನು. ಆಚೆ ದಡದಲ್ಲಿ ನೀವು ಮಾಯವಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ.